ರೇಣವ್ವ ಹತ್ತದ ಗಾಡಿ

ಕಮತಗಿಯ ಮುತ್ತಪ್ಪನ ಪಿಕಪ್ ಗಾಡ್ಯಾಗ ಊರ ಮಂದಿ ಎಲ್ಲಾ ಒಮ್ಮೆರ ಕುಂತು ಬಂದಿದ್ರು. ಉಳ್ಳಾಗಡ್ಡಿ ಚೀಲ ಕುಂತಿದ್ವು, ಇಳಕಲ್ಲಿನ ಸೀರಿ ಗಂಟು ಕುಂತಿದ್ವು, ಬಾಗಲಕೋಟಿ ದವಾಖಾನಿಗೆ ಹೋಗೂ ಬಸುರಿ ಹೆಣಮಕ್ಕಳು ಕುಂತಿದ್ರು. ಒಮ್ಮೆ ಒಂದು ಎಮ್ಮಿ ಸುದ್ದಾ ಹತ್ತಿ ಹುನಗುಂದತನಾ ಹೋಗಿ, ಒಂದು ತಕರಾರಿಲ್ಲದ ಇಳಿದಿತ್ತು. ಆ ಗಾಡಿ ಹತ್ತಲಾರದಾಕಿ ಇಡೀ ಊರಾಗ ಒಬ್ಬಾಕೀನ. ಅಕಿ ಮುತ್ತಪ್ಪನ ಹಡದವ್ವ ರೇಣವ್ವ.

ಗಾಡಿ ಮನಿಗೆ ಬಂದು ಎರಡು ವರ್ಷ ಆಗಿತ್ತು. ಅದಕ್ಕೂ ಮೊದಲ ಮನ್ಯಾಗ ಇಪ್ಪತ್ತೆರಡು ಕುರಿ ಇದ್ವು. ಬೀರಪ್ಪ ದೇವರ ಒಕ್ಕಲು, ಕುರಿ ಇಲ್ಲದ ಮನಿ ಮನಿನ ಅಲ್ಲ ಅನ್ನೂ ಪೈಕಿ. ಆದ್ರ ರೇಣವ್ವನ ಮೊಣಕಾಲು ಕಟಕಟ ಅನ್ನಾಕ ಶುರುವಾದಾಗ ಮುತ್ತಪ್ಪ ತನಗ ತಾನ ಒಂದು ಮೀಟಿಂಗ್ ಮಾಡಿ, ತಾನ ಠರಾವು ಪಾಸ್ ಮಾಡಿ, ಎಲ್ಲಾ ಕುರಿ ರಾಮಥಾಳದ ಗೌಸಸಾಬನ ಕೈಗೆ ಕೊಟ್ಟು, ಈ ಹಳೀ ಪಿಕಪ್ ತಂದ. ಗೌಸಸಾಬ ಕುರಿ ವ್ಯಾಪಾರದಾವ. ರೇಣವ್ವನ ಕುರಿ ತಳಿ ಛಲೋ ಅಂತ ಅವ ಅವನ್ನ ಸಂತಿಗೆ ಒಯ್ಯದ ತನ್ನ ಕಡೇನ ಇಟಗೊಂಡಿದ್ದ.

ರೇಣವ್ವ ಅವತ್ತು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಗಾಡಿ ಪೂಜಿಗೆ ಕಾಯಿ ಒಡದ್ಲು, ಗಾಲಿ ಕೆಳಗ ನಿಂಬಿಹಣ್ಣು ಇಟ್ಲು, ಬಾನೆಟ್ಟಿಗೆ ಬೀರಪ್ಪನ ಭಂಡಾರ ಬಡದ್ಲು. ಹತ್ತವ್ವಾ ಅಂತ ಮಗ ಬಾಗಲಾ ತಗದು ನಿಂತ್ರ, ಒಲಿ ಮ್ಯಾಲ ಅಡಗಿ ಐತಿ ಅಂದು ಒಳಗ ಹೋದ್ಲು. ಆ ಅಡಗಿ ಎರಡು ವರ್ಷ ಆದ್ರೂ ಒಲಿ ಮ್ಯಾಲಿಂದ ಇಳಿದಿದ್ದಿಲ್ಲ.

ಅಮಾಸಿಗೊಮ್ಮೆ ಅಕಿ ಮಹಾಕೂಟಕ್ಕ ಹೋಗೂದು ಬಸ್ಸಿನ್ಯಾಗ. ಜಾಗಾ ಸಿಗಲಿಲ್ಲಂದ್ರ ಮೊಣಕಾಲು ಹಿಡಕೊಂಡು ಬಾದಾಮಿತನಾ ನಿಂತಕೊಂಡ ಹೋಗಾಕಿ. ಆ ಬಸ್ಸಿನ ಹಿಂದ ಖಾಲಿ ಪಿಕಪ್ ಹೊಡಕೊಂಡು ಮುತ್ತಪ್ಪ. ನಡುವ ಎಲ್ಲೆರ ಅವ್ವನ ಮನಸ್ಸು ತಿರುಗಿ ಇಳದ್ರ ಹತ್ತಿಸಿಕೊಳ್ಳಬೇಕು ಅಂತ ಅವನ ಆಸೆ. ಗುಳೇದಗುಡ್ಡದ ಹತ್ರ ಕಂಡಕ್ಟರ್ ಒಮ್ಮೆ ಇಳದು ಬಂದು, ಏನಪಾ, ನಮ್ಮ ಬಸ್ಸಿನ್ಯಾಗ ಯಾರರ ಮಂತ್ರಿ ಅದಾರೇನು, ಹಿಂದ ಕಾವಲು ಬರಾಕತ್ತೀ ಅಂತ ಕೇಳಿದ. ನಮ್ಮ ಅವ್ವ ಅದಾಳ ಅಂದ ಮುತ್ತಪ್ಪ. ಕಂಡಕ್ಟರಗ ಏನೂ ತಿಳೀಲಿಲ್ಲ, ಮತ್ತ ಸೀಟಿ ಊದಿ ಹೊಂಟಬಿಟ್ಟ.

ಊರಿನ ಬಾಯಿ ಸುಮ್ಮನಿರತೈತೇನ್ರಿ? ಹಡದ ತಾಯಿನ ಹತ್ತೂದಿಲ್ಲ ಅಂದ ಮ್ಯಾಲ ಆ ಗಾಡ್ಯಾಗ ಏನೋ ದೋಷ ಐತಿ ಅಂತ ಮಾತು ಹಬ್ಬಿತು. ಎದುರುಮನಿ ಸಿದ್ದಲಿಂಗವ್ವ ಮಗಳ ಲಗ್ನಕ್ಕ ಇದ ಗಾಡಿ ಹೇಳಿದ್ದಾಕಿ, ಒಂದು ದಿನ ಬಂದು, ತಪ್ಪ ತಿಳಕೋಬ್ಯಾಡ ಮುತ್ತಪ್ಪಾ, ಮದುಮಗಳ ಮಾತೈತಿ, ನಿಮ್ಮವ್ವ ಹತ್ತಿದ ಮ್ಯಾಲ ನೋಡೂಣು ಅಂತ ಹೇಳಿ ಹೋದ್ಲು. ಅವ ಅವತ್ತ ರೊಟ್ಟಿ ಮುಟ್ಟಲಿಲ್ಲ. ಬಾಡಿಗಿ ಹೋದದ್ದಕ್ಕಲ್ಲ. ಹೆತ್ತಾಕಿ ನನ್ನ ಗಾಡಿ ಹತ್ತೂದಿಲ್ಲ ಅನ್ನೂದು ಓಣಿ ತುಂಬ ಗೊತ್ತಾತಲ್ಲ ಅಂತ ಅವಗ ಭಾಳ ಕೆಟ್ಟ ಅನಿಸಿತ್ತು. ಏನರ ಆಗಲಿ, ಅವ್ವ ಒಮ್ಮೆ ಹತ್ತಬೇಕು, ಅಷ್ಟ.

ಇಲ್ಲಿ ಮುತ್ತಪ್ಪನ ಸ್ವಭಾವ ಒಂಚೂರು ಹೇಳಬೇಕು. ಆತಗ ಯಾರರ ಏನರ ಅಂದ್ರ ಅದರ ಹಿಂದ ಏನೈತಿ ಅಂತ ನೋಡೂ ರೂಢಿ ಇಲ್ಲ. ಸೀದಾ ನಟ್ಟು ಬಿಗಿಯೂ ಪಾನಾ ತಗೊಂಡು ಏಳಾವ. ಯಾಕವ್ವಾ ಹತ್ತೂದಿಲ್ಲ ಅಂತ ಕೇಳಿದ. ಮುಂದಿನ ಸೀಟು ಗಂಡಸೂರ ಕೂಡೂ ಜಾಗಾ ಅಂದ್ಲು ರೇಣವ್ವ. ಮುತ್ತಪ್ಪ ಮನಿ ಸೋಫಾ ಒಯ್ದು ಹಿಂದಿನ ಡಬ್ಬ್ಯಾಗ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂಡಿಸಿ ನಟ್ಟು ಬಿಗದ. ಬಿಸಲು ಅಂದ್ಲು. ಕಬ್ಬಿಣದ ಪೈಪು ಬಾಗಿಸಿ ಮ್ಯಾಲ ತಾಡಪತ್ರಿ ಎಳದ. ಸೆಕಿ ಅಂದ್ಲು. ಮಲಗೂ ಕೋಣಿ ಫ್ಯಾನು ಬಿಚ್ಚಿ ತಂದು ಬ್ಯಾಟರಿಗೆ ಹಚ್ಚಿದ. ಗಾಳಿ ಹೊಡದ್ರ ಕಿವಿ ನೋಯತಾವ ಅಂದ್ಲು. ಹೆಂಡತಿ ಲಲಿತಾಳ ಹಳೀ ಇಳಕಲ್ ಸೀರಿ ಎರಡು ಹರದು ಸುತ್ತೂಕಡೆ ಪರದೆ ಕಟ್ಟಿದ, ಕ್ಯಾಬಿನ್ನಿನ ಹಿಂದಿನ ಗಾಜಿಗೂ ಒಂದು. ಏನ ಅಂದ್ರೂ ಮಾಡಿ ಮುಗಿಸ್ತಾನ, ಮತ್ತ ಬಂದು ನಿಂದರತಾನ. ಕಡೀಕ ರೇಣವ್ವ ಬ್ಯಾಸತ್ತು, ಅಷ್ಟೆತ್ತರ ಹ್ಯಾಂಗ ಏರಲೋ, ನನಗ ಮೊಣಕಾಲಿಲ್ಲ ಅಂದ್ಲು.

ಅದ ಆತ ಮಾಡಿದ ದೊಡ್ಡ ಕೆಲಸ. ಹಿಂದಿನ ಬಾಗಲಾ ಕಿತ್ತಿ ಒಗದು, ಅಲ್ಲಿ ಕಟ್ಟಿಗಿ ಹಲಗಿ ಜೋಡಿಸಿ, ಒಂದು ಸಣ್ಣ ಮೋಟಾರು ಕೂಡಿಸಿದ. ಗಾಡಿ ರಿವರ್ಸ್ ಗೇರಿನ್ಯಾಗ ನಿಂತ್ರ ಹಲಗಿ ತಾನ ಕೆಳಗಿಳದು ನೆಲಾ ಮುಟ್ಟತಿತ್ತು. ಮುಂದಿನ ಗೇರು ಬಿದ್ರ ತಾನ ಎದ್ದು ಮುಚ್ಚಿಕೊಳ್ಳತಿತ್ತು. ಸಣ್ಣ ಕೂಸು ಸುದ್ದಾ ಅಂಬೆಗಾಲಿಟ್ಟು ಹತ್ತಬಹುದು. ಎರಡು ದಿನಾ ಕೆಲಸ ಬಿಟ್ಟು ಓಣಿ ಮಂದಿ ಅದನ್ನ ನೋಡಿತು.

ಬಾಜೂಮನಿ ವಿಠ್ಠಲ ಮಾಸ್ತರು, ಮೂವತ್ತು ವರ್ಷ ಗಣಿತ ಕಲಿಸಿ ರಿಟೈರಾದವರು, ಅಡಿಕೋಲು ತಗೊಂಡು ಬಂದು ಹಲಗಿ ಇಳಿಜಾರು ಅಳದು, ಲೆಕ್ಕ ಛಲೋ ಅದ, ಆದ್ರ ಮುತ್ತಪ್ಪಾ, ನೀ ಗಾಡಿಯನ್ನ ಮನಿ ಮಾಡ್ಲಿಕ್ಕತ್ತೀಯೋ, ಮನಿಯನ್ನ ಗಾಡಿ ಮಾಡ್ಲಿಕ್ಕತ್ತೀಯೋ ಅಂತ ಕೇಳಿದ್ರು. ಒಳಗ ಖಾಲಿ ಪಡಸಾಲ್ಯಾಗ ಚಾಪಿ ಮ್ಯಾಲ ಕುಂತ ಲಲಿತಾ, ಇನ್ನ ನಾ ಒಬ್ಬಾಕಿ ಉಳದೇನಿ ಮಾಸ್ತರ್ರ, ನನಗೂ ನಟ್ಟು ಬಿಗಿಯೂ ದಿನಾ ಬರತೈತಿ ಅಂದ್ಲು.

ಇಷ್ಟಾದ್ರೂ ರೇಣವ್ವ ಹತ್ತಲಿಲ್ಲ. ಹಲಗಿ ನೋಡಿದ್ಲು, ಮಗನ್ನ ನೋಡಿದ್ಲು, ಒಲಿ ಮ್ಯಾಲ ಅಡಗಿ ಐತಿ ಅಂದ್ಲು.

ಆ ವಾರದಾಗ ಮುತ್ತಪ್ಪ ಗಾಡಿ ಹಿಂದ ತಗೋವಾಗ ಮಾಸ್ತರ ತುಳಸಿಕಟ್ಟಿ ಮೂಲಿ ಮುರದ. ಮೊದಲ ರಿವರ್ಸ್ ಹಾರ್ನ್ ಹಾಕಿಸೋ ಮಾರಾಯಾ ಅಂತ ಮಾಸ್ತರು ಕೈ ಮುಗದ್ರು. ಬಸ್‌ಸ್ಟ್ಯಾಂಡಿನ ಹತ್ರ ಗಾಡಿ ವೈರಿಂಗ್ ಮಾಡೂ ಅರ್ಷದನ ಅಂಗಡ್ಯಾಗ ನೂರಾ ಎಂಟು ನಮೂನಿ ದನಿ ಇದ್ವು. ಹಿಂದಿ ಹೆಣಮಗಳು ಇದ್ಲು, ಇಂಗ್ಲೀಷ್ ಹೆಣಮಗಳು ಇದ್ಲು, ನಾಯಿ ಬೊಗಳೂದೂ ಇತ್ತು. ಯಾವುದೂ ಮುತ್ತಪ್ಪನ ಮನಸ್ಸಿಗೆ ಬರಲಿಲ್ಲ. ಅವನ ತಲ್ಯಾಗ ಒಂದು ವಿಚಾರ ಹೊಕ್ಕಿತ್ತು. ಗಾಡಿ ಅವ್ವನ ದನ್ಯಾಗ ಮಾತಾಡಿದ್ರ, ಇದು ನಂದ ಗಾಡಿ ಅಂತ ಅವ್ವಗ ಅನಸೂದಿಲ್ಲೇನು? ಅಮಾಸಿ ದಿನಾ ಒಮ್ಮೆಲೆ ಕೇಳಿಸಿ ಅಕಿನ್ನ ದಂಗು ಬಡಿಸಬೇಕು.

ಮೊಬೈಲ್ ಮುಂದ ಹಿಡದ್ರ, ಕಬ್ಬಿಣದ ಜೋಡಿ ನಾ ಮಾತಾಡೂದಿಲ್ಲ ಅನ್ನಾಕಿ ಅವ್ವ, ಹಂಗಾಗಿ ಕೇಳದ ರೆಕಾರ್ಡ್ ಮಾಡಬೇಕಾತು. ಹೊತ್ತು ಮುಳುಗೂ ಮುಂದ ರೇಣವ್ವ ಹಿತ್ತಲಕ್ಕ ಹೋಗಿ, ಕುರಿ ಕೂಡತಿದ್ದ ದಡ್ಡಿ ಬೇಲಿ ಹಿಡಕೊಂಡು ನಿಂತು, ಹುರ್ರ್ಯೋ, ಬರ್ರ್ಯೋ ನನ್ನ ಕೂಸುಗಳ್ಯಾ, ಹುರ್ರ್ಯೋ ಅಂತ ಮೂರು ಸಲ ಕರದು ಒಳಗ ಬರತಿದ್ಲು. ಮುತ್ತಪ್ಪ ಬಣವಿ ಮರಿಗೆ ಕುಂತು ಮೊಬೈಲಿನ್ಯಾಗ ಅದನ್ನ ಹಿಡದ. ಖಾಲಿ ದಡ್ಡಿ ಮುಂದ ನಿಂತು ಇಕಿ ಯಾರನ್ನ ಕರೀತಾಳ ಅಂತ ಕೇಳೂ ಬುದ್ಧಿ ಅವಗ ಬರಲಿಲ್ಲ. ದನಿ ಸ್ವಚ್ಛ ಬಂತೋ ಇಲ್ಲೋ ಅನ್ನೂದೊಂದ ಚಿಂತಿ. ಸ್ವಚ್ಛ ಬಂದಿತ್ತು. ಅರ್ಷದ ಅದನ್ನ ಒಂದು ದೊಡ್ಡ ಭೋಂಗಾಕ್ಕ, ಅಂದ್ರ ಲೌಡ್‌ಸ್ಪೀಕರಿಗೆ, ಏರಿಸಿ, ರಿವರ್ಸ್ ಗೇರಿಗೆ ಜೋಡಿಸಿ ಕೊಟ್ಟ.

ಮರುದಿನಾ ರಾಮಥಾಳಕ್ಕ ನೀರಾವರಿ ಪೈಪು ಒಯ್ಯೂ ಬಾಡಿಗಿ ಬಂತು. ಸೋಫಾದ ಮ್ಯಾಲ ಪೈಪು ಮಲಗಿಸಿಕೊಂಡು ಹೋಗಿ, ಇಳಿಸಿ, ಖಾಲಿ ಗಾಡ್ಯಾಗ ಹಾಡು ಜೋರ ಹಚಗೊಂಡು ವಾಪಸ್ ಹೊಂಟಿದ್ದ. ಕಾಲುವಿ ದಂಡಿ ಸಣ್ಣ ರಸ್ತೆದಾಗ ಎದುರು ಬಸ್ಸು ಬಂತು. ಬಸ್ಸಿನ ಹಿಂದ ಕಬ್ಬಿನ ಟ್ರಾಲಿ, ಅದರ ಹಿಂದ ಮತ್ತೆರಡು. ಮುತ್ತಪ್ಪ ರಿವರ್ಸ್ ಹಾಕಿ ಒಂದು ಫರ್ಲಾಂಗ್ ಹಿಂದ ಸರದು ಹೊಲದ ಬಾಯಿಗೆ ನಿಂತ. ಗೇರು ರಿವರ್ಸದಾಗ ಬಿಟ್ಟು, ಕ್ಲಚ್ ಮ್ಯಾಲ ಕಾಲಿಟ್ಟು, ಸ್ಟೇರಿಂಗ್ ಮ್ಯಾಲ ತಾಳ ಹಾಕ್ಕೋತ ಕುಂತ. ಹಲಗಿ ನೆಲಕ್ಕ ಬಿತ್ತು. ಭೋಂಗಾ ಇನ್ನೂ ಒದರಾಕತ್ತಿತ್ತು.

ಅದ ಹೊಲದಾಗ, ಬೇವಿನ ಗಿಡದ ಕೆಳಗ, ಮುಖದ ಮ್ಯಾಲ ಟಾವೆಲ್ ಹಾಕ್ಕೊಂಡು ಮಲಗಿದ್ದಾವ ಗೌಸಸಾಬ. ಅವನ ಸುತ್ತ ಮೇಯಾಕತ್ತಿದ್ದು ರೇಣವ್ವನ ಕುರಿ. ಕುರಿ ಎಲ್ಲಾ ಮರೀತಾವ ಅಂತ ಯಾರರ ಹೇಳಿದ್ರ ಅವರು ಒಂದು ದಿನಾನೂ ಕುರಿ ಕಾದಿಲ್ಲ ಅಂತ ತಿಳಕೋರಿ. ಮೊದಲ ಟಗರು ಕಿವಿ ಎತ್ತಿತು. ಆಮ್ಯಾಲ ಇಪ್ಪತ್ತೆರಡೂ ಓಡಿದ್ವು. ಹಲಗಿ ಇಳಿಜಾರು ಮಾಸ್ತರು ಹೇಳಿದಂಗ ಲೆಕ್ಕಕ್ಕ ಸರಿ ಇತ್ತು, ಒಂದರ ಹಿಂದ ಒಂದು ಟಕಟಕ ಏರಿ ಒಳಗ ನಿಂತ್ವು. ಹಾಡಿನ ಗದ್ದಲದಾಗ ಮುತ್ತಪ್ಪಗ ಏನೂ ಕೇಳಲಿಲ್ಲ, ಪರದೆ ಇದ್ದದ್ದಕ್ಕ ಏನೂ ಕಾಣಲಿಲ್ಲ. ಕಡೀ ಟ್ರಾಲಿ ದಾಟಿದ ಮ್ಯಾಲ ಮುಂದಿನ ಗೇರು ಹಾಕಿದ. ಹಲಗಿ ಎದ್ದು ಮುಚ್ಚಿಕೊಂಡಿತು. ಏರು ಬಂದಲ್ಲಿ ಗಾಡಿ ಜಗ್ಗವಲ್ಲದು ಅಂತ ಅನಿಸಿತು ಖರೆ. ಸೋಫಾ ಭಾರ ಆತೇನೋ ಅಂತ ಬಿಟ್ಟ.

ಕಮತಗಿ ಬಜಾರದಾಗ ಮಂದಿ ಕೈಯಾನ ಚಹಾ ಬಿಟ್ಟು ಎದ್ದು ನಿಂತಿತು. ಪರದೆ ಸಂದಿನಿಂದ ಹೊರಗ ನಾಕು ಮುಖ, ಆ ಕಡೆ ಐದು ಮುಖ. ಮುತ್ತಪ್ಪ ತನ್ನ ಕೈಗೆಲಸಾ ನೋಡಾಕತ್ತಾರ ಅಂತ ತಿಳದು, ಗಾಡಿ ಸಾವಕಾಶ ಮಾಡಿ, ಎರಡೂ ಕಡೆ ಕೈ ಎತ್ತಿದ. ಅರ್ಷದ ಓಡಿ ಬಂದು, ಇಷ್ಟು ಎಲ್ಲಿಂದ ತಂದೆಲೇ ಅಂದ. ಕೊಂಡಿದ್ದು ಒಂದೂ ಇಲ್ಲ, ಕಣ್ಣಿಗೆ ಬಿದ್ದದ್ದು ಎತ್ತಿ ಹಾಕೇನಿ ಅಂದ ಮುತ್ತಪ್ಪ. ಯಾರೂ ಏನೂ ಅನಲಿಲ್ಲೇನು ಅಂತ ಕೇಳಿದ್ಲು ಸಂತಿ ಚೀಲ ಹಿಡದು ನಿಂತ ಸಿದ್ದಲಿಂಗವ್ವ. ಲಲಿತಾ ಮಲಗಿದ್ದಾಗ ಮಾಡಿದ್ದು ಅರ್ಧ, ಉಳದದ್ದಕ್ಕ ಯಾರನ್ನ ಕೇಳಬೇಕವ್ವಾ, ನಮ್ಮ ಅವ್ವನ ಸಲುವಾಗಿ ಮಾಡೂ ಕೆಲಸ ಅಂತ ಮುತ್ತಪ್ಪ ಎದಿ ಉಬ್ಬಿಸಿ ಹೇಳಿ ಮುಂದ ಹೋದ. ಗಾಡಿ ಓಣಿ ಮುಟ್ಟೂದ್ರಾಗ, ಅವ್ವ ಗಾಡಿ ಹತ್ತಲಿ ಅಂತ ಮುತ್ತಪ್ಪ ಕುರಿ ಕಳುವು ಮಾಡಾಕ ಹತ್ಯಾನ ಅನ್ನೂ ಸುದ್ದಿ ಓಣಿ ಮುಟ್ಟಿತ್ತು.

ಮುತ್ತಪ್ಪ ಮನಿ ಮುಂದ ಗಾಡಿ ನಿಲ್ಲಿಸಿ ಕೈ ತೊಳಕೊಂಡು ಊಟಕ್ಕ ಕುಂತ. ಎರಡನೇ ರೊಟ್ಟಿ ಮುರಿಯೂದ್ರಾಗ ಬಜಾರದ ಸುದ್ದಿ ಕೇಳಿ ಹವಾಲ್ದಾರ ನಿಂಗರಾಜ ಮೋಟಾರ್ ಸೈಕಲ್ ಮ್ಯಾಲ ಬಂದು ಇಳದ, ಹಿಂದ ಕುರಿ ಕಳದು ಠಾಣಿಗೆ ಓಡಿ ಬಂದಿದ್ದ ಗೌಸಸಾಬ. ಹವಾಲ್ದಾರ ಪರದೆ ಸರಿಸಿದ. ಟಗರು ಸೋಫಾದ ಮ್ಯಾಲ ಮಲಗಿತ್ತು. ಫ್ಯಾನು ತಿರಗಾಕತ್ತಿತ್ತು. ಲಲಿತಾಳ ಸೀರಿ ಸೆರಗು ಟಗರಿನ ಬಾಯಾಗ ಇತ್ತು.

"ಇಪ್ಪತ್ತು ವರ್ಷ ಸರ್ವಿಸ್ ಆತು ನಂದು," ಅಂದ ಹವಾಲ್ದಾರ. "ಕದ್ದ ಕುರಿಗೆ ಫ್ಯಾನ್ ಹಾಕ್ಕೊಂಡು ಬಂದ ಕಳ್ಳನ್ನ ಇವತ್ತ ನೋಡಿದೆ."

ಮುತ್ತಪ್ಪ ಕೈಯಾನ ತುತ್ತು ಕೈಯಾಗ ಹಿಡಕೊಂಡು ಗಾಡಿ ಸುತ್ತ ಎರಡು ಸಲ ತಿರಗಿದ. ತಾನು ಹತ್ತಿಸಿಲ್ಲ, ಅವು ಯಾವಾಗ ಬಂದ್ವೋ ಗೊತ್ತಿಲ್ಲ, ಬೀರಪ್ಪನ ಆಣಿ, ತಾವ ಹತ್ಯಾವ ಅಂದ. ತಾವ ಹತ್ತಿದ್ರ ಟಿಕೆಟ್ ತಗೊಂಡಾವೇನು ನೋಡು ಅಂದ ಹವಾಲ್ದಾರ. ಗೌಸಸಾಬ ಪಾಪ ಯಾರನ್ನೂ ಬೈಲಿಲ್ಲ, ಇಪ್ಪತ್ತೆರಡು ಕುರಿ ನನ್ನ ಮೂಗಿನ ಮುಂದಿಂದ ಹೋದ್ವು, ನನಗ ಎಚ್ಚರ ಇಲ್ಲ ಅಂತ ಸಿಕ್ಕವರಿಗೆಲ್ಲಾ ಹೇಳಾಕತ್ತಿದ್ದ. ಓಣಿ ಮಂದಿ ತಲಿಗೊಂದು ಸಾಕ್ಷಿ ಹೇಳಿತು. ಸಿದ್ದಲಿಂಗವ್ವ ಅಂತೂ, ಬಜಾರದಾಗ ತಾನ ಬಾಯಿಬಿಟ್ಟು ಒಪ್ಪಿಕೊಂಡಾನ್ರಿ, ಅರ್ಧ ಕಳುವು ಹೆಂಡ್ತಿ ಮಲಗಿದಾಗ ಮಾಡ್ಯಾನಂತ ಅಂದ್ಲು. ಲಲಿತಾ ಗಂಡನ ಮುಖಾ ನೋಡಿದ್ಲು.

ಆವಾಗ ವಿಠ್ಠಲ ಮಾಸ್ತರು ಮುಂದ ಬಂದು, ಗದ್ದಲ ಮಾಡಬ್ಯಾಡ್ರಿ, ಪ್ರಯೋಗ ಮಾಡಿ ನೋಡೂಣು, ಅವ ಅಲ್ಲಿ ಏನ ಮಾಡಿದ್ನೋ ಅದನ್ನ ಇಲ್ಲಿ ಮಾಡಲಿ ಅಂದ್ರು. ಹವಾಲ್ದಾರಗ ಅದು ಕಾಯದೆ ಪ್ರಕಾರ ಅನಿಸಿತು. ಮುತ್ತಪ್ಪ ಗಾಡಿ ಚಾಲೂ ಮಾಡಿ ರಿವರ್ಸ್ ಹಾಕಿದ.

ಹಲಗಿ ಇಳೀತು. ಹುರ್ರ್ಯೋ, ಬರ್ರ್ಯೋ ನನ್ನ ಕೂಸುಗಳ್ಯಾ ಅಂತ ಭೋಂಗಾದಾಗ ರೇಣವ್ವನ ದನಿ ಓಣಿ ತುಂಬ ಬಿತ್ತು. ಅದ ಹೊತ್ತಿಗೆ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತಗೊಂಡು ಖುದ್ದ ರೇಣವ್ವ ಓಣಿ ತಿರುವಿಗೆ ಬಂದ್ಲು. ತನ್ನ ದನಿ ತಾನ ಕೇಳಿ ನಿಂತ ಬಿಟ್ಲು. ಕುರಿ ಅಕಿನ್ನ ನೋಡಿದ್ವು. ಆಮ್ಯಾಲ ಹವಾಲ್ದಾರ ಒಂದು ಕಡೆ ಬಿದ್ದ, ಮಾಸ್ತರ ಅಡಿಕೋಲು ಇನ್ನೊಂದು ಕಡೆ ಬಿತ್ತು, ಇಪ್ಪತ್ತೆರಡೂ ಕುರಿ ಮುದುಕಿನ್ನ ಸುತ್ತುಗಟ್ಟಿ ಸೀರಿ ಮೂಸಾಕ ಹತ್ತಿದ್ವು. ಡಬ್ಬಿ ನೆಲಕ್ಕಿಳಿಸಿ ರೇಣವ್ವ ಒಂದೊಂದರ ಕಿವಿ ಹಿಡದು ನೋಡಾಕತ್ತಿದ್ಲು.

ಹವಾಲ್ದಾರ ಟೊಪಗಿ ಜಾಡಿಸಿ ಎದ್ದ. ಭೋಂಗಾದಾಗಿನ ದನಿ ಯಾರ್ದು ಅಂತ ಕೇಳಿದ. ಓಣಿ ಮಂದಿ ಎಲ್ಲಾ ರೇಣವ್ವನ ಕಡೆ ಬೆರಳು ಮಾಡಿತು. ಹಂಗಾರ ಕುರಿ ಕರದಾಕಿ ಇಕಿ, ಒಂದನೇ ಆರೋಪಿ ಇಕಿನ ಅಂದ ಹವಾಲ್ದಾರ. ಗೌಸಸಾಬ ಗಾಬರಿಯಾಗಿ ನಡುವ ಬಂದು, ಸಾಹೇಬ್ರ, ಇಕಿನ್ನ ಠಾಣಿಗೆ ಒಯ್ದ್ರ ಇವೂ ಹಿಂದ ಬರತಾವ, ನಿಮ್ಮಲ್ಲಿ ಮೇವಿನ ವ್ಯವಸ್ಥಾ ಐತೇನ್ರಿ ಅಂತ ಕೇಳಿದ. ಹವಾಲ್ದಾರ ವಿಚಾರಕ್ಕ ಬಿದ್ದ. ಕಡೀಕ ಪುಸ್ತಕ ತಗದು, ಏನಬೇ ಮುದುಕಿ, ಈ ಕುರಿ ನೀ ಕರದಿಯೋ ಇಲ್ಲೋ ಅಂದ.

"ನಾ ದಿನಾ ಕರೀತೇನ್ರಿ," ಅಂದ್ಲು ರೇಣವ್ವ. "ಇವತ್ತ ಬಂದ್ವು."

ಹವಾಲ್ದಾರನ ಪೆನ್ನು ಪುಸ್ತಕದ ಮ್ಯಾಲ ನಿಂತ ಬಿಟ್ಟಿತು. ಮುತ್ತಪ್ಪ ಗಾಡಿ ಬಂದ್ ಮಾಡಿ ಕೆಳಗಿಳದ. ಅವನ ಕೈಯಾಗ ಪಾನಾ ಇರಲಿಲ್ಲ, ಎರಡು ವರ್ಷದಾಗ ಮೊದಲನೇ ಸಲ ಬರಿಗೈಲೆ ಅವ್ವನ ಮುಂದ ನಿಂತಿದ್ದ.

ರೇಣವ್ವ ಮಗನ್ನ ನೋಡಿ, "ಬಿಸಲ ಬರತೈತೇನವ್ವಾ ಅಂದಿ, ಸೆಕಿ ಆಗತೈತೇನವ್ವಾ ಅಂದಿ, ಎತ್ತರ ಆತೇನವ್ವಾ ಅಂದಿ," ಅಂದ್ಲು. "ಕುರಿ ಮಾರಲೇನವ್ವಾ ಅಂತ ಒಂದ ಮಾತು ಕೇಳಲಿಲ್ಲಲೋ."

ಮುತ್ತಪ್ಪಗ ನಾಚಿಕಿ ಆತು. ನಲವತ್ತಾರು ವರ್ಷದ ಗಂಡಸು ಓಣಿ ಮಂದಿ ಮುಂದ ಮೂಗು ಒರಸಿಕೊಂಡು, ತಪ್ಪಾತವ್ವಾ ಅಂದ. ರೇಣವ್ವನ ಲಕ್ಷ್ಯ ಮತ್ತ ಕುರಿ ಕಡೆ ಹೋಗಿತ್ತು.

ಗೌಸಸಾಬ ಗಂಟಲು ಸರಿಮಾಡಿಕೊಂಡು ತನ್ನ ಕಥಿ ಹೇಳಿದ. ಎರಡು ವರ್ಷ ಆತು, ಇವು ಅವನ ಮಾತು ಒಂದಿನಾ ಕೇಳಿಲ್ಲ. ಕರದ್ರ ಆ ಕಡೆ ಮುಖಾ ತಿರಗಸ್ತಾವ. ಈಗ ಅವನ ಸೊಂಟಾನೂ ಕೈ ಕೊಟ್ಟೈತಿ, ಕುಂತಲ್ಲಿ ನಿದ್ದಿ ಹತ್ತತೈತಿ. ಪಾಲಿಗೆ ಹಾಕತೇನಿ, ನೀನ ಸಾಕಬೇ ರೇಣವ್ವಾ ಅಂದ. ಪಾಲು ಅಂದ್ರ ಈ ಕಡೆ ಎಲ್ಲಾರಿಗೂ ಗೊತ್ತಿದ್ದ ಪದ್ಧತಿ. ಕುರಿ ಅವಂದು, ಸಾಕೂದು ಇಕಿ, ಹುಟ್ಟಿದ ಮರ್ಯಾಗ ಇಬ್ಬರಿಗೂ ಅರ್ಧ ಅರ್ಧ. ಮೇಯಿಸಾಕ ಹೋಗಬೇಕಂದ್ರ ಮೊಣಕಾಲು ಇಲ್ಲಲ್ಲ ಅಂತ ಮಾಸ್ತರು ಲೆಕ್ಕ ಹಾಕೂದ್ರಾಗ, ಮೇವಿದ್ದಲ್ಲಿಗೆ ದಿನಾ ಮುಂಜಾನೆ ನಾ ಗಾಡ್ಯಾಗ ಬಿಟ್ಟು ಬರತೇನಿ ಅಂತ ಮುತ್ತಪ್ಪ ಅಂದಬಿಟ್ಟ. ಅಂದ ಮ್ಯಾಲ ತಾನ ನಾಲಿಗಿ ಕಚಗೊಂಡ. ಅವ್ವ ಹತ್ತೂದಿಲ್ಲಲ್ಲ.

ರೇಣವ್ವ ಇದ್ಯಾವುದೂ ಕೇಳಾಕತ್ತಿರಲಿಲ್ಲ. ಒಂದು ಕುರಿ ಕೆಚ್ಚಲು ಮುಟ್ಟಿ ನೋಡಿದ್ಲು, ಇನ್ನೊಂದರದು ನೋಡಿದ್ಲು. ಹಾಲು ತುಂಬಿ ಬಿಗದಿದ್ವು. ಗೌಸಾ, ಇವುಗಳ ಮರಿ ಎಲ್ಲಿ ಅಂತ ಕೇಳಿದ್ಲು. ಸಣ್ಣವು ನಾಕು ಅದಾವಬೇ, ಬೇವಿನ ಗಿಡಕ್ಕ ಕಟ್ಟೇನಿ, ಗಡಬಡ್ಯಾಗ ಅಲ್ಲೇ ಬಿಟ್ಟು ಬಂದ್ನಿ ಅಂದ ಗೌಸಸಾಬ. ಮುಂಜಾನಿಂದ ಹಾಲು ಕಂಡಿಲ್ಲೇನು ಅಂತ ರೇಣವ್ವ ಅವನ ಮ್ಯಾಲ ಹರಿಹಾಯ್ದ್ಲು. ಸೀರಿ ನಡಕ್ಕ ಸಿಗಿಸಿದ್ಲು, ನಾಕು ಕುರಿ ಹಲಗಿ ಮ್ಯಾಲ ಅಟ್ಟಿದ್ಲು, ಉಳದವೂ ಅವುಗಳ ಹಿಂದ ಏರಿದ್ವು. ಆ ಭರದಾಗ ತಾನೂ ಹಲಗಿ ಏರಿ ಒಳಗ ಹೋಗಿ ಕುಂತ್ಲು.

ಮೊದಲ ನೋಡಿದಾಕಿ ಸಿದ್ದಲಿಂಗವ್ವ. ಅಕಿ ಬಾಯಿ ಮ್ಯಾಲ ಕೈ ಇಟಗೊಂಡ್ಲು. ಮಾಸ್ತರು ಗಡಿಯಾರ ನೋಡಿ ಟೈಮ್ ಎಷ್ಟಂತ ಬಾಜೂದವರಿಗೆ ಹೇಳಿದ್ರು. ಲಲಿತಾ ಸೆರಗಿಲೆ ಕಣ್ಣು ಒರಸಿಕೊಂಡ್ಲು, ಅದು ಅವ್ವಗೋ ಟಗರು ತಿಂದ ಸೀರಿಗೋ ಯಾರೂ ಕೇಳಲಿಲ್ಲ. ಮುತ್ತಪ್ಪ ಅಲ್ಲೇ ನಿಂತಿದ್ದ. ಉಸರು ಬಿಟ್ರ ಎಲ್ಲಿ ಇಳದ ಬಿಡತಾಳೋ ಅಂತ ಅವಗ ಅಂಜಿಕಿ.

"ಏನ್ ನೋಡಾಕತ್ತೀಯೋ," ಅಂತ ಒಳಗಿಂದ ದನಿ ಬಂತು. "ಮರಿ ಉಪಾಸ ಅದಾವ, ಗಾಡಿ ಹೊಡಿ."

ಮುತ್ತಪ್ಪ ಹೊಡದ. ಹವಾಲ್ದಾರ ತನ್ನ ಪುಸ್ತಕದಾಗ, ಸದರಿ ಕುರಿಗಳು ಸ್ವಂತ ಇಚ್ಛೆಯಿಂದ ಹೋಗಿ ಸ್ವಂತ ಇಚ್ಛೆಯಿಂದ ಸಿಕ್ಕಿರುತ್ತವೆ ಅಂತ ಬರದು, ಗೌಸಸಾಬನ ಸಹಿ ತಗೊಂಡು, ತಾನೂ ಅವನ್ನ ಮೋಟಾರ್ ಸೈಕಲ್ ಹಿಂದ ಕೂಡಿಸಿಕೊಂಡು ರಾಮಥಾಳತನಾ ಬಂದ. ಕೆಲಸ ಏನೂ ಇರಲಿಲ್ಲ, ನೋಡಬೇಕು ಅನಿಸಿತ್ತು ಅಷ್ಟ. ಬೇವಿನ ಗಿಡದ ಕೆಳಗ ಮರಿ ಹಾಲು ಕುಡದ್ವು. ಅವನ್ನೂ ಎತಗೊಂಡು ಗಾಡಿ ಕಮತಗಿ ಕಡೆ ತಿರಗಿತು.

ಬಜಾರದಾಗ ಈ ಸಲ ಮಂದಿ ನೋಡಾಕತ್ತಿದ್ದು ರೇಣವ್ವನ್ನ. ಮುತ್ತಪ್ಪ ಗಾಡಿ ಎಷ್ಟು ಸಾವಕಾಶ ಹೊಡದ ಅಂದ್ರ ಒಬ್ಬ ಮುದುಕ ಕೋಲು ಊರಿಕೊಂಡು ಅದನ್ನ ದಾಟಿ ಮುಂದ ಹೋದ. ಸಿದ್ದಲಿಂಗವ್ವ ಗಾಡಿ ಬಾಜೂಕ ನಡಕೋತ, ಲಗ್ನಕ್ಕ ನಿನ್ನ ಗಾಡೀನ ಖಾಯಂ ಅಂತ ಹೇಳಿದ್ಲು. ಮನಿ ಮುಂದ ಬಂದು ನಿಂತಾಗ ಓಣಿ ಮಂದಿ ಎಲ್ಲಾ ಬಾಗಲಾಗ ಕೂಡಿತ್ತು. ಮುತ್ತಪ್ಪ ಇಳದು, ಹಿಂದ ಹೋಗಿ, ಪರದೆ ಸರಿಸಿ, ತಾನ ಕೈ ಕೊಟ್ಟು ನಿಂತ.

"ಇಳಿಯವ್ವಾ, ಮನಿ ಬಂತು."

ರೇಣವ್ವ ಸಣ್ಣ ಮರಿ ಒಂದನ್ನ ಮಡಲಾಗ ಇಟಗೊಂಡು ಕುಂತಿದ್ಲು. ಮನಿ ಕಡೆ ನೋಡಿದ್ಲು, ಓಣಿ ಮಂದಿ ಕಡೆ ನೋಡಿದ್ಲು, ಆಮ್ಯಾಲ ಪರದೆ ತಾನ ಎಳಕೊಂಡ್ಲು.

"ಇನ್ನೊಂದ ಸುತ್ತ ಹೊಡಿ," ಅಂದ್ಲು. "ಕುರಿಗೆ ಗಾಳಿ ಛಲೋ ಹತ್ತಾಕತ್ತೈತಿ."